ರಜೆ ಮನೆಮಂದಿಗೆಲ್ಲ ಇರಲಿ

(ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನಿವೃತ್ತ ಸರ್ಕಾರಿ ಇಂಜಿನಿಯರ್ ಒಬ್ಬರು ಮಾಡಿದ ಉಪನ್ಯಾಸದ ಬರಹರೂಪ)

 

ಬೇಸಿಗೆ ರಜೆ ಮುಗಿಯಲು ಇನ್ನು ಎರಡು ಮೂರು ವಾರ ಉಳಿದಿವೆ. ಮೇ 25ರ ಸುಮಾರಿಗೆ ರೋಹಿಣಿ ಮಳೆ ಕೂಡುತ್ತದೆ. ಅದರ ಬೆನ್ನಿಗೇ ಶಾಲೆಯ ಗಂಟೆ ಬಾರಿಸುತ್ತದೆ. ಹೆಣ್ಣುಮಕ್ಕಳು ತವರಿಗೆ ಬಂದಿದ್ದಾರೆ. ಬೆಂಗಳೂರು, ಪುಣೆಯಿಂದ ಮೊಮ್ಮಕ್ಕಳು ಬಂದಿದ್ದಾರೆ. ಮನೆ ತುಂಬಿದೆ. ಈ ದಿನಗಳನ್ನು ಸಂತೋಷದಿಂದ ಕಳೆಯಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ನನ್ನ ಪ್ರಶ್ನೆ ಒಂದೇ: ಈ ರಜೆ ಯಾರಿಗೆ?

ಮಕ್ಕಳಿಗೆ ರಜೆ. ನೌಕರಿಯವರು ರಜೆ ಹಾಕಿ ಬಂದಿದ್ದಾರೆ. ನನ್ನಂಥ ನಿವೃತ್ತರಿಗೆ ಹೇಗೂ ರಜೆಯೇ. ಆದರೆ ನಾಲ್ಕು ಜನರಿದ್ದ ಮನೆಯಲ್ಲಿ ಹನ್ನೆರಡು ಜನರಾದಾಗ, ಸೊಸೆ ನಸುಕಿನಲ್ಲಿ ರೊಟ್ಟಿ ಬಡಿಯಲು ಕೂತವಳು ರಾತ್ರಿ ಹತ್ತಕ್ಕೆ ಪಾತ್ರೆ ತೊಳೆದು ಏಳುತ್ತಾಳೆ. ನಡುವೆ ಮೂರು ಸಲ ಚಹಾ, ಮಾವಿನ ಸೀಕರಣೆ, ಮಾಳಿಗೆಯ ಮೇಲೆ ಶಾವಿಗೆ, ಸಂಡಿಗೆ. ಪಡಸಾಲೆಯಲ್ಲಿ ಕೂತ ಗಂಡಸರು "ಎಲ್ಲರೂ ಕೂಡಿದ್ದು ಬಹಳ ಚಲೋ ಆತು" ಎನ್ನುತ್ತಾರೆ. ಆ "ಎಲ್ಲರೂ" ಎಂಬ ಲೆಕ್ಕದಲ್ಲಿ ಒಳಗಿದ್ದವಳು ಸೇರಿದ್ದಾಳೆಯೆ?

ಆಯ್ದಕ್ಕಿ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನವರು ಗಂಡನನ್ನು ತಿದ್ದಿದರು. ಮಾರಯ್ಯನವರು ಆ ಮಾತನ್ನು ಒಪ್ಪಿ ನಡೆದರು. ಈ ಪ್ರಸಂಗವನ್ನು ನಾವು ಪ್ರತಿ ವೇದಿಕೆಯಲ್ಲೂ ಹೇಳುತ್ತೇವೆ. ಅದು ಸತಿಪತಿಗಳ ಸಮಾನತೆಯ ಪಾಠವೆಂದರೆ, ಪರೀಕ್ಷೆ ನಡೆಯುವುದು ಅಡುಗೆಮನೆಯಲ್ಲಿಯೇ. ಮಠದ ದಾಸೋಹದಲ್ಲಿ ಗಂಡಸರು ಪಂಕ್ತಿಗೆ ಬಡಿಸುತ್ತಾರೆ, ಕೊಪ್ಪರಿಗೆ ತಿಕ್ಕುತ್ತಾರೆ. ಅಲ್ಲಿ ಯಾರಿಗೂ ನಾಚಿಕೆಯಿಲ್ಲ. ಅದೇ ಕೈ ಮನೆಯಲ್ಲಿ ತನ್ನ ತಟ್ಟೆಯನ್ನು ತಾನೇ ಎತ್ತಲು ಏಕೆ ಹಿಂಜರಿಯಬೇಕು?

ಕೆಲಸಕ್ಕೆ ಮೊದಲು ಎಸ್ಟಿಮೇಟ್ ಹಾಕುವುದು ಇಂಜಿನಿಯರನ ರೂಢಿ. ಒಂದು ಹಾಳೆಯಲ್ಲಿ ಮನೆಯ ದಿನದ ಕೆಲಸಗಳನ್ನೆಲ್ಲ ಬರೆಯಿರಿ. ಪಟ್ಟಿ ಎಷ್ಟು ಉದ್ದವಾಗುತ್ತದೆ ನೋಡಿ! ಆಮೇಲೆ ಹೆಸರು ಹಾಕಿ. ನೀರು ತುಂಬುವುದು ಅಳಿಯನಿಗೆ, ಚಹಾ ಅಜ್ಜನಿಗೆ, ತಟ್ಟೆ ತೊಳೆಯುವುದು ಮೊಮ್ಮಗ ಮೊಮ್ಮಗಳು ಇಬ್ಬರಿಗೂ. ಹುಡುಗನಿಗೆ ಬೇರೆ ನಿಯಮ ಬೇಡ.

ಮಕ್ಕಳಿಗೆ ಮಾಳಿಗೆಯ ಕೆಲಸವನ್ನೂ ಕೊಡಿ. ಮಳೆಗೆ ಮುಂಚೆ ಕಸ ಗುಡಿಸಿ, ನೀರು ಹೋಗುವ ಪೈಪಿನ ಬಾಯಿ ತೆರವು ಮಾಡಲಿ. ಜೊತೆಗೆ ಒಂದು ಲೆಕ್ಕ ಹೇಳಿಕೊಡಿ: ಒಂದು ಚದರ ಮೀಟರ್ ಜಾಗದ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ ಅದು 1 ಲೀಟರ್ ನೀರು. 100 ಚದರ ಮೀಟರಿನ ಮಾಳಿಗೆಯ ಮೇಲೆ 10 ಮಿಲಿಮೀಟರ್ ಬಿದ್ದರೆ 1000 ಲೀಟರ್. ಮೊದಲ ಮಳೆಯ ಕೊಳೆ ನೀರನ್ನು ಹೊರಗೆ ಬಿಟ್ಟು ಉಳಿದದ್ದನ್ನು ತೊಟ್ಟಿಗೆ ಹಿಡಿಯಬಹುದು. ಅಜ್ಜ, ಮೊಮ್ಮಕ್ಕಳು ಕೂಡಿ ಮಾಡಿದ ಈ ಕೆಲಸವೂ ಆಟವೇ, ಕಾಯಕವೂ ಹೌದು.

ಒಂದು ದಿನ ಎಲ್ಲರೂ ಕೂಡಿ ಕೂಡಲಸಂಗಮಕ್ಕೆ ಹೋಗಿ ಬನ್ನಿ. ಕೃಷ್ಣೆ ಮಲಪ್ರಭೆಯರು ಸೇರುವ ಜಾಗವನ್ನು ಮಕ್ಕಳಿಗೆ ತೋರಿಸಿ. ಕೆಳಗೆ ನಾರಾಯಣಪುರದಲ್ಲಿ ಬಸವಸಾಗರ ಅಣೆಕಟ್ಟು ಕಟ್ಟಿದಾಗ ಹಿನ್ನೀರು ಇಲ್ಲಿಯವರೆಗೆ ಬಂತು. ಐಕ್ಯಮಂಟಪ ಮುಳುಗದಂತೆ ಅದರ ಸುತ್ತ ಬಾವಿಯಂತೆ ಗೋಡೆ ಎತ್ತಿದರು. ಇಂದು ಸೇತುವೆಯ ಮೇಲೆ ನಡೆದು, ಮೆಟ್ಟಿಲಿಳಿದು ದರ್ಶನ ಮಾಡುತ್ತೇವೆ. ಇಂಜಿನಿಯರನಾಗಿ ನನಗೆ ಅದು ಮೆಚ್ಚಿನ ಕೆಲಸ: ರೈತನಿಗೆ ನೀರೂ ಸಿಕ್ಕಿತು, ಅಪ್ಪನ ಐಕ್ಯಸ್ಥಳವೂ ಉಳಿಯಿತು. ಮಕ್ಕಳನ್ನು ಮಾತ್ರ ಆಳದ ನೀರಿಗೆ ಬಿಡಬೇಡಿ. ಅಂದಿನ ಬುತ್ತಿ ಕಟ್ಟುವ ಕೆಲಸ ಗಂಡಸರದೇ ಇರಲಿ. ರೊಟ್ಟಿ ದುಂಡಗಾಗದಿದ್ದರೂ ಹೊಟ್ಟೆ ತುಂಬುತ್ತದೆ!

ಸಂಜೆ ಎಲ್ಲರೂ ಜೊತೆಗೆ ಕೂತು ಇಷ್ಟಲಿಂಗ ಪೂಜೆ ಮಾಡಿರಿ. ಒಬ್ಬೊಬ್ಬರೂ ಒಂದು ವಚನ ಹೇಳಲಿ. ಆಗ ಒಲೆಯ ಮುಂದೆ ಯಾರೂ ಉಳಿದಿರಬಾರದು. ಊಟ ಅರ್ಧ ಗಂಟೆ ತಡವಾದರೆ ಆಗಲಿ. ಆಮೇಲೆ ಮಾಳಿಗೆಯ ಮೇಲೆ ಚಾಪೆ ಹಾಸಿ ಮಾತಿಗೆ ಕೂತಾಗ, ಸೊಸೆಯನ್ನೂ ಕರೆದು ನಡುವೆ ಕೂರಿಸಿಕೊಳ್ಳಿ. ಅವಳು ನಕ್ಕರೆ ನಿಮ್ಮ ಮನೆಗೆ ನಿಜವಾಗಿ ರಜೆ ಬಂದಿದೆ ಎಂದು ತಿಳಿಯಿರಿ.