ಗ್ರಂಥಾಲಯವೂ ವಿಷಯವರ್ಗೀಕರಣವೂ
(ಶಿಕ್ಷಕರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಪುಸ್ತಕಗಳನ್ನು ಕೂಡಿಹಾಕಿದ ಮಾತ್ರಕ್ಕೆ ಗ್ರಂಥಾಲಯವಾಗದು. ಊರಿಗೊಂದು ವಾಚನಾಲಯ ಬೇಕೆಂದು ನಾವು ಹಂಬಲಿಸುತ್ತೇವೆ, ವರ್ಗಣಿ ಎತ್ತುತ್ತೇವೆ, ಕಪಾಟುಗಳನ್ನು ತುಂಬುತ್ತೇವೆ. ಆದರೆ ಬಂದ ವಾಚಕನಿಗೆ ಬೇಕಾದುದು ಕೈಗೆ ಸಿಕ್ಕದಿದ್ದರೆ ಆ ಸಂಗ್ರಹವು ಇದ್ದೂ ಇಲ್ಲದಂತೆಯೇ ಸರಿ. ಗ್ರಂಥಕರ್ತನ ಹೆಸರನ್ನು ಬಲ್ಲವನು ಹೇಗಾದರೂ ಹುಡುಕಿಯಾನು. ಬತ್ತದ ಬೆಳೆಗೆ ತಗಲಿದ ರೋಗವನ್ನು ಕುರಿತು ತಿಳಿಯಬೇಕೆಂದು ಬಂದ, ಯಾವ ಹೆಸರನ್ನೂ ಅರಿಯದ ಒಕ್ಕಲಿಗನು ಏನು ಮಾಡಬೇಕು? ಅಂಥವನಿಗೆ ದಾರಿದೀಪವಾಗುವುದೇ ವಿಷಯವರ್ಗೀಕರಣ.

ಹಿಂದೆ ಎಷ್ಟೋ ಗ್ರಂಥಾಲಯಗಳಲ್ಲಿ ಪುಸ್ತಕದ ಅಂಕೆಯು ಕಪಾಟಿನೊಳಗಿನ ಸ್ಥಾನವನ್ನು ಮಾತ್ರ ಸೂಚಿಸುತ್ತಿತ್ತು. ಕಪಾಟು ತುಂಬಿತೆಂದರೆ ಕ್ರಮವೂ ಕೆಟ್ಟಿತು. ಅಮೇರಿಕದ ಮೆಲ್ವಿಲ್ ಡ್ಯೂಯಿಯವರು 1876ರಲ್ಲಿ ಪ್ರಕಟಿಸಿದ ದಶಾಂಶ ಪದ್ಧತಿಯಲ್ಲಿ ಅಂಕೆಯು ಸ್ಥಳವನ್ನು ಬಿಟ್ಟು ವಿಷಯವನ್ನು ಹಿಡಿಯಿತು. ಜ್ಞಾನವೆಲ್ಲವೂ ಹತ್ತು ವರ್ಗ; ಒಂದೊಂದು ವರ್ಗವೂ ಮತ್ತೆ ಹತ್ತು ವಿಭಾಗ. 600 ಎಂದರೆ ಪ್ರಯೋಗಶಾಸ್ತ್ರಗಳು, 630 ಎಂದರೆ ಒಕ್ಕಲುತನ, 633.18 ಎಂದರೆ ಬತ್ತ. ಹೊಸ ಪುಸ್ತಕ ಬಂದರೆ ಅದು ತನ್ನ ನೆಂಟರ ನಡುವೆಯೇ ಹೋಗಿ ಕೂಡುತ್ತದೆ. ಒಂದನ್ನು ಅರಸಿ ಹೋದವನಿಗೆ, ತಾನು ಕೇಳಿಯೂ ಅರಿಯದ ಇನ್ನೆರಡು ಪುಸ್ತಕಗಳು ಮಗ್ಗುಲಲ್ಲಿಯೇ ದೊರೆಯುತ್ತವೆ.

ಆದರೂ ಈ ಪದ್ಧತಿಯು ನಿಷ್ಪಕ್ಷಪಾತವಾದುದೆಂದು ಹೇಳಲಾರೆವು. ಇಂಗ್ಲಿಷ್ ಸಾಹಿತ್ಯಕ್ಕೆ 820 ಎಂಬ ಇಡಿಯ ಮನೆ. ಸಾವಿರ ವರ್ಷಕ್ಕೂ ಮಿಕ್ಕು ಬಾಳಿದ ಕನ್ನಡ ಸಾಹಿತ್ಯಕ್ಕೆ ‘ಇತರ ಸಾಹಿತ್ಯಗಳು’ ಎಂಬ 890ರ ಮೂಲೆಯಲ್ಲಿ 894.814 ಎಂಬ ಕೋಣೆ! ನಾಡಭಾಷೆಯನ್ನು ಮುಂದಿನ ಸ್ಥಾನಕ್ಕೆ ತರುವ ಅನುಕೂಲವನ್ನು ಆ ಪದ್ಧತಿಯೇ ಗ್ರಂಥಾಲಯಗಳಿಗೆ ಕೊಟ್ಟಿದೆ. ಅದನ್ನು ಬಳಸಿಕೊಳ್ಳುವುದು ನಮ್ಮ ಕೈಯಲ್ಲಿದೆ.

ಇನ್ನೊಂದು ತೊಡಕುಂಟು. ಪುಸ್ತಕವು ಒಂದೇ ವಿಷಯಕ್ಕೆ ಕಟ್ಟುಬೀಳುವುದಿಲ್ಲ. ಬತ್ತ, ಅದರ ರೋಗ, ರೋಗಕ್ಕೆ ಮದ್ದು, ಒಂದು ಸೀಮೆ, ಒಂದು ಕಾಲ, ಇವೆಲ್ಲ ಒಂದೇ ಗ್ರಂಥದಲ್ಲಿ ಕೂಡಿರಬಹುದು. ಮದ್ರಾಸು ವಿಶ್ವವಿದ್ಯಾಲಯದ ಗ್ರಂಥಪಾಲರೂ ಗಣಿತಜ್ಞರೂ ಆಗಿದ್ದ ಎಸ್. ಆರ್. ರಂಗನಾಥನ್ನರು ಇದಕ್ಕೆ ಉಪಾಯವನ್ನು ಕಂಡರು. ಬಿಡಿ ತುಂಡುಗಳನ್ನು ಜೋಡಿಸಿ ಬಗೆಬಗೆಯ ಆಕೃತಿಗಳನ್ನು ಮಾಡುವ ಆಟಿಕೆಯನ್ನು ಲಂಡನ್ನಿನ ಅಂಗಡಿಯಲ್ಲಿ ನೋಡಿದಾಗ ಅವರಿಗೆ ಈ ಯುಕ್ತಿ ಹೊಳೆಯಿತು. ವಿಷಯದ ಒಂದೊಂದು ಅಂಗಕ್ಕೂ ಒಂದೊಂದು ಸಂಕೇತವನ್ನಿಟ್ಟು ಅವುಗಳನ್ನು ಜೋಡಿಸುವ ದ್ವಿಬಿಂದು ವರ್ಗೀಕರಣವು 1933ರಲ್ಲಿ ಹೊರಬಂದಿತು. ವಾಚಕನ ಕಾಲವನ್ನು ಉಳಿಸಬೇಕೆಂಬುದು 1931ರಲ್ಲಿಯೇ ಅವರು ಸಾರಿದ ಐದು ಸೂತ್ರಗಳಲ್ಲೊಂದು. ಈ ಶಾಸ್ತ್ರದ ಸಂಶೋಧನೆಗೂ ಶಿಕ್ಷಣಕ್ಕೂ ಮೀಸಲಾದ ಕೇಂದ್ರವನ್ನು ಅವರು 1962ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದರು.

ಶಿಕ್ಷಕ ಬಂಧುಗಳೇ, ಇದು ದೊಡ್ಡ ಗ್ರಂಥಾಲಯಗಳ ಮಾತೆಂದು ಕೈಬಿಡಬೇಡಿರಿ. ಶಾಲೆಯ ಕಪಾಟಿನಲ್ಲಿ ಇನ್ನೂರೇ ಪುಸ್ತಕಗಳಿರಲಿ. ‘ಕನ್ನಡ ಪುಸ್ತಕಗಳು’ ಎಂಬ ಒಂದೇ ಚೀಟಿಯನ್ನಂಟಿಸಿ ಸುಮ್ಮನಾಗದೆ, ಚರಿತ್ರೆ, ಸಸ್ಯಶಾಸ್ತ್ರ, ಆರೋಗ್ಯ ಎಂದು ಬೇರ್ಪಡಿಸಿ, ಬೆನ್ನಿಗೆ ಅಂಕೆ ಬರೆದು ನಿಲ್ಲಿಸೋಣ. ಕನ್ನಡದಲ್ಲಿ ಶಾಸ್ತ್ರಗ್ರಂಥಗಳಿಲ್ಲವೆಂದು ಹಳಿಯುವವರು ಬಹಳ. ಇರುವುವನ್ನಾದರೂ ಹುಡುಗರ ಕಣ್ಣಿಗೆ ಬೀಳುವಂತೆ ಜೋಡಿಸೋಣ. ಇಲ್ಲದುವು ಯಾವುವೆಂಬುದೂ ಆಗ ಬರಿದಾದ ಸಾಲುಗಳಿಂದಲೇ ತಿಳಿದುಬರುವುದು.