ಪ್ಲಗ್ ಕಿತ್ತರೂ ಒಳಗೆ ಬಾಕಿ ಇರ್ತದ

ಬಸವಕಲ್ಯಾಣದಿಂದ ಮಾತಾಡ್ಲತ್ತೀನಿ. ಇವತ್ತಿನ ಮಾತು ಗಿಟಾರ್‌ದಲ್ಲ, ಅದರ ಹಿಂದಿನ ಡಬ್ಬಿದು: ವಾಲ್ವ್ ಆಂಪ್ಲಿಫೈಯರ್.

ಹೋದ ವರ್ಷ ಒಂದು ಹಳೇ ಸಣ್ಣ ವಾಲ್ವ್ ಆಂಪ್ ತಗೊಂಡೆ. ಪ್ರೀಆಂಪ್‌ನಲ್ಲಿ ಒಂದು ಕೆಪಾಸಿಟರ್ ಬದಲಿಸಿದ್ರೆ ಸೌಂಡ್ ದಪ್ಪ ಆಗ್ತದ ಅಂತ ವಿಡಿಯೋದಲ್ಲಿ ನೋಡಿದ್ದೆ. ಪ್ಲಗ್ ಕಿತ್ತೆ, ಹಿಂಬದಿ ಬಿಚ್ಚಿದೆ, ಕೈ ಹಾಕಿದೆ. ಮೊಣಕೈ ತನಕ ಹೊಡೀತು. ನನ್ನ ಚೀರಾಟ ಕೇಳಿ ಅವ್ವ ಓಡಿ ಬಂದ್ಳು.

ಮರುದಿನ ಆಂಪ್ ಕಟ್ಕೊಂಡು ಬಸ್ ಹತ್ತಿ ಹುಮನಾಬಾದ್‌ಗೆ ಹೋದೆ. ಅಲ್ಲಿ ಜಾತ್ರಿ, ಮದುವಿ ಮೈಕ್‌ಸೆಟ್ ರಿಪೇರಿ ಮಾಡೋ ಕಾಕಾ ಒಬ್ರು ಇದ್ದಾರ. "ಕಾಕಾ, ಪ್ಲಗ್ ತೆಗೆದಿದ್ನಲ್ರೀ?" ಅಂದೆ. ಅವರು ನಕ್ಕು, "ನೀ ಬಿಕಾಂ ಓದಿದಾಂವ. ಅಂಗಡಿ ಬಾಗಿಲು ಹಾಕಿದ್ರ ಬಾಕಿ ತೀರ್ತದೇನು?" ಅಂದ್ರು.

ಬಾಕಿ ಅಂದ್ರೆ ಫಿಲ್ಟರ್ ಕೆಪಾಸಿಟರ್‌ಗಳಲ್ಲಿ ಕೂತ ಕರೆಂಟ್. ಇಂಥ ಆಂಪ್‌ನಲ್ಲಿ ಅದು 300 ವೋಲ್ಟ್ ಡಿಸಿ, ಅದಕ್ಕಿಂತ ಹೆಚ್ಚೂ ಇರಬಹುದು. ನಮ್ಮ ಮನೆ ಲೈನ್ 230. ಖಾಲಿ ಆಗೋ ದಾರಿ ಇಲ್ಲದಿದ್ರೆ ಪ್ಲಗ್ ಕಿತ್ತ ಮೇಲೂ ಅದು ಭಾಳ ಹೊತ್ತು ಉಳೀತದ.

ಕಾಕಾ ಕಲಿಸಿದ್ದು ಇಷ್ಟು. ಸ್ಕ್ರೂಡ್ರೈವರ್ ತಾಗಿಸಿ ಕಿಡಿ ಹಾರಿಸೋದು ಬ್ಯಾಡ. 10 ಕಿಲೋಓಮ್, 10 ವ್ಯಾಟ್‌ನ ರೆಸಿಸ್ಟರ್‌ಗೆ ಇನ್ಸುಲೇಟೆಡ್ ಕ್ಲಿಪ್ ಹಾಕಿ. ಒಂದು ತುದಿ ಮೊದಲು ಚಾಸಿಸ್‌ಗೆ, ಆಮೇಲೆ ಇನ್ನೊಂದು ಕೆಪಾಸಿಟರ್‌ನ ಪ್ಲಸ್‌ಗೆ. ಒಂದು ಕೈ ಕಿಸೆದಾಗಿರಲಿ. 100 ಮೈಕ್ರೊಫ್ಯಾರಡ್ ಇದ್ರೆ ಐದು ಸೆಕೆಂಡಿಗೆ 300 ವೋಲ್ಟ್ ಸುಮಾರು 2ಕ್ಕೆ ಇಳೀತದ. ಆದ್ರೂ ಪ್ರತಿ ಕೆಪಾಸಿಟರ್ ಮೀಟರ್‌ನಿಂದ ನೋಡ್ರಿ. ಒಂದು ಖಾಲಿ ಆದ್ರೆ ಎಲ್ಲವೂ ಆದವು ಅಂತಲ್ಲ. ಸ್ವಲ್ಪ ವೋಲ್ಟೇಜ್ ತಾನೇ ವಾಪಸ್ ಏರ್ತದ, ಅದಕ್ಕೆ ಕೆಲಸ ಮುಗಿಯೋ ತನಕ ಕ್ಲಿಪ್ ಇರಲಿ. ಆನ್ ಮಾಡೋ ಮುಂಚೆ ತೆಗೀರಿ.

ಮೊದಲ ಸಲ ಸೀರೀಸ್ ಬಲ್ಬ್ ಮೂಲಕ ಆನ್ ಮಾಡ್ರಿ. ಬಲ್ಬ್ ಒಮ್ಮೆ ಬೆಳಗಿ ಮಂಕಾದ್ರೆ ಸರಿ, ಪೂರಾ ಉರೀತಾನೇ ಇದ್ರೆ ಶಾರ್ಟ್ ಅದ. ಸ್ಪೀಕರ್ ಇಲ್ಲದೆ ಆನ್ ಮಾಡಿದ್ರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡಬಹುದು. ಹಮ್ಮಿಂಗ್ ಹೋಗ್ಲಿ ಅಂತ ಅರ್ಥ್ ಪಿನ್ ಅಂತೂ ಕೀಳಲೇಬ್ಯಾಡ್ರಿ.

ಹೊಸಬ್ರಿಗೆ ಬೆಸುಗೆ ಇಲ್ಲದ ದಾರಿನೂ ಅದ. ಪ್ರೀಆಂಪ್‌ನ ಇಸಿಸಿ83 ವಾಲ್ವ್‌ಗೆ ಆಂಪ್ಲಿಫಿಕೇಶನ್ ಫ್ಯಾಕ್ಟರ್ 100. ಆಫ್ ಮಾಡಿ, ತಣ್ಣಗಾದ ಮೇಲೆ ಅದೇ ಸಾಕೆಟ್‌ಗೆ ಇಸಿಸಿ81 ಹಾಕಿದ್ರೆ ಅದು ಸುಮಾರು 60, ಸೌಂಡ್ ಸ್ವಚ್ಛ ಆಗ್ತದ. 1954ರಲ್ಲಿ ಶುರುವಾದ ನಮ್ಮ ಬೆಂಗಳೂರಿನ ಬಿಇಎಲ್ ಕೂಡ ಒಂದು ಕಾಲಕ್ಕೆ ಇಂಥ ವಾಲ್ವ್ ಮಾಡ್ತಿತ್ತು.

ನನ್ನ ಕೆಪಾಸಿಟರ್ ಕೊನೆಗೂ ಬದಲಾಯ್ತು, ಕಾಕಾನ ಟೇಬಲ್ ಮೇಲೆ, ಅವರ ಕಣ್ಣೆದುರಿಗೆ. ಸೌಂಡ್ ಸ್ವಲ್ಪೇ ದಪ್ಪ ಆಗ್ಯದ. ಒಬ್ರೇ ಇದ್ದಾಗ ಮಾತ್ರ ಡಬ್ಬಿ ಬಿಚ್ಚಬ್ಯಾಡ್ರಿ. ಮುಂದಿನ ವಾರ ಸಿಗೋಣ್ರಿ.