ಕರೆಯದೇ ಬಂದ ಏಳನೆಯವನು

ಇವತ್ತಿನ ಬ್ರೇಕಿಂಗ್ ನ್ಯೂಸ್ ನಮ್ಮನೆಯದ್ದೇ. ಅಕ್ವೇರಿಯಂಗೆ ನಾವು ಬಿಟ್ಟಿದ್ದು ಆರು ಮೀನು. ಮೊನ್ನೆ ಮಗಳು ಎಣಿಸಿದರೆ ಏಳು! "ಅಪ್ಪಾ, ಇದ್ಯಾರು?"

ದಿನಾ ಊರಿಗೆಲ್ಲ ಪ್ರಶ್ನೆ ಕೇಳೋ ನನ್ನ ಹತ್ತಿರ ಉತ್ತರ ಇರಲಿಲ್ಲ. ಅಂಗಡಿಯವರು "ಗಪ್ಪಿ ಸಾರ್" ಅಂದರು. ಆದರೆ ಗಂಡು ಗಪ್ಪಿಗೆ ಬಣ್ಣಬಣ್ಣದ ಬಾಲ. ಇದು ಬರೀ ಬೂದು. ಬಾಯಿ ಮೇಲ್ಮುಖ, ಹೊಟ್ಟೆಯಡಿ ಕಡ್ಡಿಯಂಥ ರೆಕ್ಕೆ. ಗಂಡು ಗಂಬೂಸಿಯಾ! ಎರಡು ತಿಂಗಳ ಹಿಂದೆ ತಂದ ನೀರುಗಿಡದಲ್ಲಿ ಮರಿಯಾಗಿ ಅಡಗಿ ಬಂದಿರಬೇಕು.

ಮೂಲ ಅಮೆರಿಕ. ಸೊಳ್ಳೆಮರಿ ತಿಂದು ಮಲೇರಿಯಾ ತಡೆಯಲಿ ಅಂತ 1928ರಲ್ಲಿ ಇಟಲಿಯಿಂದ ಭಾರತಕ್ಕೆ ತಂದರು. ಅದು ಸೊಳ್ಳೆಮರಿಗೇ ನಿಲ್ಲಲಿಲ್ಲ; ಕಪ್ಪೆಮರಿ, ಬೇರೆ ಮೀನುಗಳ ಮೊಟ್ಟೆ, ಮರಿ ಎಲ್ಲವನ್ನೂ ತಿನ್ನುತ್ತೆ. ಇವತ್ತು ಜಗತ್ತಿನ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ.

"ಪಾಪ, ಕೆರೆಗೆ ಬಿಟ್ಟುಬಿಡೋಣ" ಅಂದಳು ಮಗಳು. ನಾನೂ ಹೂಂ ಅನ್ನೋದರಲ್ಲಿದ್ದೆ. ನಾವು ಎಡವೋದು ಅಲ್ಲೇ. ಒಂದು ಮೀನಿಗೆ ತೋರಿದ ಕರುಣೆ ಕೆರೆಗೇ ಕುತ್ತಾಗಬಹುದು.

ಈಗ ಅದು ನಮ್ಮನೆಯ ಬೇರೊಂದು ಗಾಜಿನ ಜಾಡಿಯಲ್ಲಿ ಸುಖವಾಗಿದೆ. ನಿಮ್ಮನೆಗೂ ಇಂಥ ಅತಿಥಿ ಬಂದರೆ ಮೊದಲು ಗುರುತು ಹಿಡಿಯಿರಿ. ಬೇಕಿದ್ದರೆ ಸಾಕಿ. ಕೆರೆಗೆ ಮಾತ್ರ ಬಿಡಬೇಡಿ.